ಜಾಗ್ವಾರಿಗೆ ಯಾವ ಎಂಜಿನ್ನು?

ಇಂಗ್ಲೆಂಡಿನ ಕವೆಂಟ್ರಿಯಲ್ಲಿ 1959ರಿಂದ 1967ರವರೆಗೆ ತಯಾರಾದ ಜಾಗ್ವಾರ್ ಮಾರ್ಕ್ 2 ಕಾರನ್ನು ರಸಿಕರು ಇಂದಿಗೂ ಅರಸಿ ಕೊಳ್ಳುತ್ತಾರೆ. ಕೊಳ್ಳುವವನಿಗೆ ಎದುರಾಗುವ ಮೊದಲ ಪ್ರಶ್ನೆ ಎಂಜಿನ್ನಿನದು: 2.4 ಲೀಟರೋ, 3.4ಓ, 3.8ಓ? ಮೂರೂ ಆರು ಸಿಲಿಂಡರಿನವೇ. ಮೈಕಟ್ಟು, ಅಕ್ರೋಟು ಮರದ ಮುಂಫಲಕ, ನಾಲ್ಕು ಗಾಲಿಗೂ ಡಿಸ್ಕ್ ಬ್ರೇಕು, ಇವುಗಳಲ್ಲಿ ಭೇದವಿಲ್ಲ.

ಭೇದವಿರುವುದು ಓಟದಲ್ಲಿ. 2.4ರ ಬಲ 120 ಅಶ್ವಶಕ್ತಿ. ಗಂಟೆಗೆ 100 ಮೈಲಿಯ ಸಮೀಪಕ್ಕೆ ಬರುವಷ್ಟರಲ್ಲಿ ಅದಕ್ಕೆ ಏದುಸಿರು. 220 ಅಶ್ವಶಕ್ತಿಯ 3.8 ಸುಮಾರು 125 ಮೈಲಿಯವರೆಗೂ ಧಾವಿಸಬಲ್ಲದು. ಆದುದರಿಂದಲೇ ಅದಕ್ಕೆ ಬೆಲೆ ಹೆಚ್ಚು. ಆದರೆ ಬ್ರಿಟನ್ನಿನ ಹೆದ್ದಾರಿಯಲ್ಲಿ ವೇಗದ ಮಿತಿಯೇ 70 ಮೈಲಿ! ಟೆಲಿವಿಷನ್ ಕಥೆಯ ಇನ್‌ಸ್ಪೆಕ್ಟರ್ ಮೋರ್ಸ್ ಆಕ್ಸ್‌ಫರ್ಡಿನಲ್ಲಿ ನಡೆಸುತ್ತಿದ್ದುದು 2.4 ಲೀಟರಿನ ಕಾರನ್ನೇ. ಅದರಿಂದ ಕೊಲೆಗಾರರಿಗೇನೂ ಅನುಕೂಲವಾದಂತೆ ಕಾಣೆವು. ವೇಗದ ಹಂಬಲ ಬಿಡದವರಿಗೆ 3.4 ಇದೆ. 3.8ಕ್ಕಿಂತ ಅದಕ್ಕೆ ಕಡಮೆಯಿರುವುದು ಹತ್ತೇ ಅಶ್ವಶಕ್ತಿ. ನಮ್ಮ ಒಲವೂ ಅದರ ಕಡೆಗೇ.

ಆದರೂ ಎಂಜಿನ್ನಿನ ಸದ್ದಿಗೆ ಮರುಳಾಗಿ ಹಣ ಎಣಿಸಿಬಿಡಬೇಡಿ. ಈ ಕಾರಿಗೆ ಪ್ರತ್ಯೇಕ ಚಾಸಿಯಿಲ್ಲ. ಉಕ್ಕಿನ ತಗಡಿನ ಒಡಲೇ ಅದರ ಎಲುಬು. ಬಾಗಿಲುಗಳ ಕೆಳಗಿನ ಪಟ್ಟಿ, ಹಿಂಬದಿಯ ಸ್ಪ್ರಿಂಗುಗಳು ಕೂಡುವ ತಾಣ ಇವು ತುಕ್ಕು ಹಿಡಿದು ಶಿಥಿಲವಾಗಿದ್ದರೆ, ಎಂಜಿನ್ನನ್ನು ಬಿಚ್ಚಿ ನವೀಕರಿಸುವುದೇ ಅಗ್ಗವೆನಿಸುವಷ್ಟು ವೆಚ್ಚ ಬಂದೀತು. ತುಕ್ಕು ತಿಂದ 3.8ಕ್ಕಿಂತ ಒಡಲು ಗಟ್ಟಿಯಿರುವ 2.4 ಎಷ್ಟೋ ಮೇಲು. ನೋಡಹೋಗುವಾಗ ಜೇಬಿನಲ್ಲೊಂದು ಪುಟ್ಟ ಅಯಸ್ಕಾಂತವಿರಲಿ. ತೂತಿಗೆ ಲೇಪ ಮೆತ್ತಿ ಬಣ್ಣ ಬಳಿದಿರುವಲ್ಲಿ ಅದು ಅಂಟುವುದಿಲ್ಲ.