ನಿಷೇಧವೊಂದೇ ಸಾಲದು, ನಿವೇದನೆಗೂ ಎಡೆಯಿರಲಿ

ಶ್ರಾವಕನ ಅಷ್ಟಮೂಲಗುಣಗಳಲ್ಲಿ ಮದ್ಯತ್ಯಾಗವೂ ಸೇರಿದೆ. ಸಪ್ತವ್ಯಸನಗಳಲ್ಲಿ ಮದ್ಯಪಾನವನ್ನು ಎಣಿಸಲಾಗಿದೆ. ಆದಕಾರಣವೇ ಏನೋ, ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ನೆಲೆಸಿರುವ ನಮ್ಮ ಅನೇಕ ಕುಟುಂಬಗಳಲ್ಲಿ ಈ ವಿಷಯದ ಮಾತೇ ಏಳುವುದಿಲ್ಲ. ‘ನಮ್ಮ ಮಕ್ಕಳು ಅಂಥವರಲ್ಲ’ ಎಂಬ ನಂಬಿಕೆಯೇ ತಿಳಿವಳಿಕೆಯ ಸ್ಥಾನವನ್ನು ಆಕ್ರಮಿಸಿದೆ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಮನೆಯ ಮಕ್ಕಳೂ ಹಾಸ್ಟೆಲುಗಳಲ್ಲಿ, ಕಚೇರಿಯ ಕೂಟಗಳಲ್ಲಿ ಈ ಪ್ರಶ್ನೆಯನ್ನು ಒಂಟಿಯಾಗಿಯೇ ಎದುರಿಸುತ್ತಾರೆ.

ಸರ್ಕಾರ ಕಾಪಾಡೀತೆಂದು ಕಾಯುವಂತಿಲ್ಲ. ಸಂವಿಧಾನದ 47ನೆಯ ವಿಧಿ ಪಾನನಿಷೇಧಕ್ಕೆ ಯತ್ನಿಸಬೇಕೆಂದು ಹೇಳುತ್ತದೆ. ಆದರೆ ಕುಡಿಯುವ ಮದ್ಯವನ್ನು ಜಿಎಸ್‌ಟಿಯ ಹೊರಗಿಟ್ಟು, ಅದರ ತೆರಿಗೆಯನ್ನು ರಾಜ್ಯಗಳ ಕೈಯಲ್ಲಿಯೇ ಉಳಿಸಲಾಗಿದೆ. ಆ ಆದಾಯದ ಮೇಲೆ ಆಯವ್ಯಯ ಹೂಡುವ ರಾಜ್ಯಗಳಿಂದ ಕಟ್ಟುನಿಟ್ಟನ್ನು ನಿರೀಕ್ಷಿಸುವುದು ವ್ಯರ್ಥ. ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯ ಸೇವಿಸುವವರು ಸುಮಾರು 16 ಕೋಟಿ.

ಹಾಗಾದರೆ ಮನೆ ಮಾಡಬೇಕಾದುದೇನು? ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಪ್ರಾಯಶ್ಚಿತ್ತದ ಒಂಬತ್ತು ಭೇದಗಳನ್ನು ಹೇಳುವಾಗ ಆಲೋಚನೆಯನ್ನು, ಅಂದರೆ ಗುರುವಿನ ಮುಂದೆ ದೋಷವನ್ನು ಮುಚ್ಚುಮರೆಯಿಲ್ಲದೆ ನಿವೇದಿಸುವುದನ್ನು, ಮೊದಲಿಗೆ ಇರಿಸಿದೆ. ಮುನಿಗಳಿಗೇ ತಪ್ಪೊಪ್ಪಿಗೆಯ ದಾರಿ ತೆರೆದಿರುವ ಧರ್ಮದಲ್ಲಿ, ಹದಿನೇಳರ ಹುಡುಗನಿಗೆ ತಂದೆಯೆದುರು ಬಾಯಿಬಿಡಲು ಧೈರ್ಯವಿಲ್ಲವೆಂದರೆ ಕೊರತೆ ಯಾರದು?

ಮಕ್ಕಳು ಹೈಸ್ಕೂಲು ಮೆಟ್ಟಿಲೇರುವಾಗಲೇ ಮಾತು ಆರಂಭವಾಗಬೇಕು. ಪಾಪದ ಭಯವಷ್ಟೇ ಸಾಲದು. ಪ್ರಮಾದವೆಂದರೇನು, ವಿವೇಕ ಮಂಕಾದರೆ ಹಿಂಸೆ ಹೇಗೆ ಹುಟ್ಟುತ್ತದೆ ಎಂಬುದನ್ನು ವಿವರಿಸಬೇಕು. ಗೆಳೆಯರು ಒತ್ತಾಯಿಸಿದಾಗ ಬೇಡವೆನ್ನುವ ಬಗೆಯನ್ನೂ ಕಲಿಸಬೇಕು. ನಡುರಾತ್ರಿ ‘ಬಂದು ಕರೆದುಕೊಂಡು ಹೋಗಿ’ ಎಂಬ ಕರೆ ಬಂದರೆ ಮೊದಲು ಕರೆತರಬೇಕು, ವಿಚಾರಣೆ ಮರುದಿನಕ್ಕಿರಲಿ. ವ್ಯವಹಾರದ ನೆಪದಲ್ಲಿ ಗುಟುಕು ಹಾಕುವ ಹಿರಿಯರ ಉಪದೇಶವನ್ನಂತೂ ಯಾವ ಮಗುವೂ ನಂಬದು.

ವ್ಯಸನ ಅಂಟಿದ ಮೇಲೂ ‘ಮುಂದೆ ಸಂಬಂಧ ಕೂಡಿಬಾರದು’ ಎಂದು ಮುಚ್ಚಿಡುವವರಿದ್ದಾರೆ. ಈ ಮೌನವೇ ಚಿಕಿತ್ಸೆಯ ಕಾಲವನ್ನು ನುಂಗುತ್ತದೆ. ಕಾನೂನಿಗೂ ಇಲ್ಲಿ ಕರುಣೆಯಿದೆ: 1985ರ ಮಾದಕವಸ್ತು ಕಾಯಿದೆಯ 64ಎ ಕಲಮು, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿಯು ಸ್ವಇಚ್ಛೆಯಿಂದ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ವಿನಾಯಿತಿ ನೀಡುತ್ತದೆ. ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 14446.

ಪ್ರತಿವರ್ಷ ಕ್ಷಮಾವಣಿಯಂದು ಲೋಕದ ಸಮಸ್ತ ಜೀವಿಗಳಲ್ಲಿ ಕ್ಷಮೆ ಕೋರುವ ಸಮಾಜವಿದು. ಆ ಕ್ಷಮೆ ಮೊದಲು ದೊರೆಯಬೇಕಾದುದು ಮನೆಯ ಮಗುವಿಗೆ.