ಹೆಸರಘಟ್ಟದ ಕಾವಲಿಗೆ ಎಂಥ ಫಲಕ?

ಬೆಂಗಳೂರು: ಹೆಸರಘಟ್ಟ ಎಂದೊಡನೆ ನಗರವಾಸಿಗಳಿಗೆ ನೆನಪಾಗುವುದು 1894ರಲ್ಲಿ ಅರ್ಕಾವತಿಗೆ ಅಡ್ಡಲಾಗಿ ಕಟ್ಟಿದ ಕೆರೆ, ತೋಟಗಾರಿಕಾ ಸಂಶೋಧನಾ ಸಂಸ್ಥೆ, ಹೆಚ್ಚೆಂದರೆ ನೃತ್ಯಗ್ರಾಮ. ಇವುಗಳ ಆಸುಪಾಸಿನಲ್ಲೇ ಹಬ್ಬಿರುವ ಹುಲ್ಲುಗಾವಲು ಮಾತ್ರ ಬಹುಮಂದಿಯ ಕಣ್ಣಿಗೆ ಖಾಲಿ ಜಾಗ. ಒಂದು ಕಾಲಕ್ಕೆ ಇಲ್ಲಿ ಚಿತ್ರನಗರಿ ನಿರ್ಮಿಸುವ ಯೋಜನೆಯೂ ಸುಳಿದಾಡಿದ್ದು ಈ ಕಾರಣದಿಂದಲೇ.

ಈ ನೆಲವನ್ನು ಸಂರಕ್ಷಣಾ ಮೀಸಲು ಪ್ರದೇಶವನ್ನಾಗಿಸುವ ಪ್ರಸ್ತಾವವನ್ನು 2021ರ ಜನವರಿಯಲ್ಲಿ ಅಂದಿನ ಮುಖ್ಯಮಂತ್ರಿ ಯಡಿಯೂರಪ್ಪ ಅಧ್ಯಕ್ಷತೆಯ ರಾಜ್ಯ ವನ್ಯಜೀವಿ ಮಂಡಳಿ ತಿರಸ್ಕರಿಸಿತ್ತು. ವಿವಾದ ಹೈಕೋರ್ಟ್ ಮೆಟ್ಟಿಲೇರಿತು. 2024ರ ಅಕ್ಟೋಬರಿನಲ್ಲಿ ಸಿದ್ದರಾಮಯ್ಯ ಅಧ್ಯಕ್ಷತೆಯ ಮಂಡಳಿ ಸುಮಾರು 5,678 ಎಕರೆಗೆ ಒಪ್ಪಿಗೆಯ ಮುದ್ರೆ ಒತ್ತಿತು. 240 ಎಕರೆಯ ಲಾಲ್‌ಬಾಗಿನ ಇಪ್ಪತ್ತಮೂರು ಪಟ್ಟಿಗೂ ಮಿಗಿಲಾದ ಈ ಪ್ರದೇಶಕ್ಕೆ ಜನ ಬಂದೇ ಬರುತ್ತಾರೆ. ಬಂದವರಿಗೆ ದಾರಿ ತೋರುವುದು ಹೇಗೆ, ಯಾವ ಹೆಸರಿನಿಂದ ಪರಿಚಯಿಸುವುದು ಎಂಬುದು ಮೇಲ್ನೋಟಕ್ಕೆ ಕ್ಷುಲ್ಲಕ. ಆದರೆ ಹುಲ್ಲುಗಾವಲಿನ ಅಳಿವು ಉಳಿವು ಅದನ್ನೂ ಅವಲಂಬಿಸಿದೆ.

ನಮ್ಮಲ್ಲಿ ಫಲಕವೆಂದರೆ ಗುತ್ತಿಗೆದಾರರ ಕೊನೆಯ ಬಿಲ್ಲು. ಸ್ವಾಗತ ಕಮಾನು, ಸಿಮೆಂಟಿನ ಹುಲಿ, ಉದ್ಘಾಟಕರ ಹೆಸರು ಕೆತ್ತಿದ ಕಲ್ಲು ಇಷ್ಟಾದರೆ ಕೆಲಸ ಮುಗಿಯಿತು. ಹೆಸರಘಟ್ಟದಲ್ಲಿ ಇದು ನಡೆಯದು. ದಟ್ಟ ಕಾಡು ತಾನು ಕಾಡೆಂದು ತಾನೇ ಸಾರುತ್ತದೆ. ಹುಲ್ಲುಗಾವಲಿಗೆ ಆ ಭಾಗ್ಯವಿಲ್ಲ. ಸರ್ಕಾರಿ ಭೂನಕ್ಷೆಗಳಲ್ಲಿಯೂ ಇಂಥ ಕುರುಚಲು, ಹುಲ್ಲುನೆಲಗಳು ಬಹುಕಾಲ ‘ಪಾಳುಭೂಮಿ’ಯ ಪಟ್ಟಿಯಲ್ಲಿ ಕುಳಿತಿವೆ. ಫಲಕದಲ್ಲಿ ಬರೀ ‘ಅರಣ್ಯ’ ಎಂದು ಬರೆದರೆ ಇನ್ನೊಂದು ಅಪಾಯ. ಪರಿಸರ ದಿನಾಚರಣೆಗೆ ಸಸಿ ಹಿಡಿದು ಬರುವ ಉತ್ಸಾಹಿಗಳಿಗೆ ಅದು ಆಹ್ವಾನವಾದೀತು. ಮರ ಬೆಳೆದು ನೆರಳು ಕವಿದರೆ ಬಿಸಿಲನ್ನೇ ನಂಬಿದ ಹುಲ್ಲು ಉಳಿಯದು, ಹುಲ್ಲನ್ನು ನಂಬಿದ ಹಕ್ಕಿಯೂ ಉಳಿಯದು. ಆದ್ದರಿಂದ ‘ಇದು ಖಾಲಿ ಜಾಗವಲ್ಲ, ಇಲ್ಲಿ ಗಿಡ ನೆಡಬೇಡಿ’ ಎಂಬುದೇ ಮೊದಲ ಫಲಕದ ಮೊದಲ ಮಾತಾಗಬೇಕು.

ಇನ್ನು ಹೆಸರು. ಕಬ್ಬನ್ ಪಾರ್ಕಿಗೆ 1927ರಲ್ಲಿಯೇ ಶ್ರೀ ಚಾಮರಾಜೇಂದ್ರ ಉದ್ಯಾನ ಎಂದು ಅಧಿಕೃತ ನಾಮಕರಣವಾಯಿತು. ಸುಮಾರು ನೂರು ವರ್ಷ ಕಳೆದರೂ ಆಟೋ ಚಾಲಕರಿಗೆ ಆ ಹೆಸರು ಹೇಳಿ ಅಲ್ಲಿಗೆ ತಲುಪುವುದು ಕಷ್ಟ. ಜನರ ನಾಲಿಗೆಯ ಮೇಲಿಲ್ಲದ ಹೆಸರನ್ನು ಫಲಕ ಬದುಕಿಸಲಾರದು. ಹಳೆ ಮೈಸೂರು ಸೀಮೆಯಲ್ಲಿ ಅಮೃತಮಹಲ್ ರಾಸುಗಳ ಮೇವಿಗೆ ಬಿಟ್ಟ ಹುಲ್ಲುನೆಲಗಳಿಗೆ ‘ಕಾವಲು’ ಎಂಬ ಮಾತು ಬಳಕೆಯಲ್ಲಿದೆ. ಮೇಯುವ ನೆಲ, ಕಾಯ್ದುಕೊಂಡ ನೆಲ ಎರಡನ್ನೂ ಒಂದೇ ಪದ ಹೇಳುತ್ತದೆ. ಇಂಗ್ಲಿಷಿನ ಯಾವುದೋ ಆಕರ್ಷಕ ಬ್ರ್ಯಾಂಡ್ ಹುಡುಕುವ ಮುನ್ನ ‘ಹೆಸರಘಟ್ಟ ಕಾವಲು’ ಎಂಬ ಹೆಸರನ್ನು ಪರಿಶೀಲಿಸುವುದು ಲೇಸು.

ದಾರಿಸೂಚಿಗಳದ್ದೇ ನಿಜವಾದ ತೊಡಕು. ಬಯಲಿನಲ್ಲಿ ಎತ್ತ ನೋಡಿದರೂ ದಾರಿಯೇ. ಬೈಕು, ಜೀಪುಗಳು ಒಮ್ಮೆ ಹುಲ್ಲಿನ ಮೇಲೆ ಗಾಲಿಯ ಗುರುತು ಮೂಡಿಸಿದರೆ ಮರುದಿನ ಅದೇ ರಸ್ತೆ. ಟಿಟ್ಟಿಭ, ನೆಲಗುಬ್ಬಿಗಳು ಮೊಟ್ಟೆಯಿಡುವುದು ಬರಿಯ ನೆಲದ ಮೇಲೆ. ಚಳಿಗಾಲಕ್ಕೆ ವಲಸೆ ಬರುವ ಹ್ಯಾರಿಯರ್ ಗಿಡುಗಗಳು ರಾತ್ರಿ ತಂಗುವುದೂ ಹುಲ್ಲಿನ ನಡುವಿನ ನೆಲದಲ್ಲೇ. ಹಾಗೆಂದು ದೂರದಿಂದ ಕಾಣಲೆಂದು ಎತ್ತರದ ಕಂಬ ನೆಟ್ಟರೆ ಅದರ ತುದಿ ಕಾಗೆ, ಹದ್ದುಗಳಿಗೆ ಕಾವಲುಗೋಪುರವಾಗಿ ಕೆಳಗಿನ ಮೊಟ್ಟೆ ಮರಿಗಳ ಪಾಲಿಗೆ ಮೃತ್ಯುವಾಗುತ್ತದೆ. ದೊಡ್ಡ ಫಲಕಗಳು ಪ್ರವೇಶದ್ವಾರ, ವಾಹನ ನಿಲುಗಡೆಗಳಿಗಷ್ಟೇ ಸೀಮಿತವಾಗಿ, ಒಳಗೆ ಕವಲುದಾರಿಗಳಲ್ಲಿ ಮೊಣಕಾಲೆತ್ತರದ ಕಲ್ಲಿನ ಗುರುತುಗಳಿದ್ದರೆ ಸಾಕು. ದೀಪ ಬೇಡವೇ ಬೇಡ. ಹಕ್ಕಿಗಳು ತಂಗುವ ತಾಣವನ್ನು ನಕ್ಷೆಯಲ್ಲಿ ತೋರಿಸುವ ಅತ್ಯುತ್ಸಾಹವೂ ಸಲ್ಲದು. ಛಾಯಾಗ್ರಾಹಕರ ದಂಡು ಅಲ್ಲಿಗೇ ಧಾವಿಸುತ್ತದೆ.

ಅಕ್ಷರ ವಿನ್ಯಾಸದ ವಿಚಾರದಲ್ಲಿ ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ನಿದರ್ಶನವಿದೆ. 1977ರಲ್ಲಿ ಮಾಸ್ಸಿಮೊ ವಿನ್ಯೆಲ್ಲಿ ಆ ಉದ್ಯಾನಗಳ ಕರಪತ್ರಗಳಿಗೆ ‘ಯೂನಿಗ್ರಿಡ್’ ಎಂಬ ಏಕರೂಪದ ಚೌಕಟ್ಟು ರೂಪಿಸಿದರು. ಮೇಲಂಚಿನ ಕಪ್ಪು ಪಟ್ಟಿಯನ್ನು ಕಂಡೊಡನೆ ಗುರುತು ಹತ್ತುತ್ತದೆ. ಅವರ ಶಿಸ್ತು ಅನುಕರಣೀಯ. ಅಳತೆಗಳನ್ನು ಮಾತ್ರ ಹಾಗೆಯೇ ತರಲಾಗದು. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಇಂಗ್ಲಿಷಿಗೆ ಅಳೆದ ಜಾಗದಲ್ಲಿ ಕನ್ನಡ ತುರುಕಿದರೆ ‘ಹುಲ್ಲು’, ‘ಹಕ್ಕಿ’ಯ ಒತ್ತುಗಳು ಹತ್ತು ಮಾರು ದೂರದಿಂದಲೇ ಕಲಸಿಹೋಗುತ್ತವೆ. ಮೊದಲು ಕನ್ನಡಕ್ಕೆ ಅಳತೆ ನಿಗದಿಪಡಿಸಿ, ಬಳಿಕ ಉಳಿದ ಭಾಷೆಗಳನ್ನು ಹೊಂದಿಸುವುದೇ ಸರಿಯಾದ ಕ್ರಮ.

ಫಲಕದ ಒಕ್ಕಣೆಯನ್ನು ನಿರ್ಧರಿಸುವವರು ಯಾರು? ವನ್ಯಜೀವಿ ಕಾಯಿದೆಯ ಪ್ರಕಾರ ಸ್ಥಳೀಯ ಸಮುದಾಯಗಳೊಂದಿಗೆ ಸಮಾಲೋಚಿಸಿಯೇ ಸಂರಕ್ಷಣಾ ಮೀಸಲು ಘೋಷಿಸಬೇಕು. ಅದರ ನಿರ್ವಹಣಾ ಸಮಿತಿಯಲ್ಲಿ ವ್ಯಾಪ್ತಿಯ ಪ್ರತಿ ಗ್ರಾಮ ಪಂಚಾಯಿತಿಗೂ ಒಬ್ಬ ಪ್ರತಿನಿಧಿ ಇರುತ್ತಾರೆ. ಪಶುಸಂಗೋಪನಾ ಇಲಾಖೆಗೂ ಸ್ಥಾನವಿದೆ. ಜನರನ್ನು ಕೇಳದೆ ಮುಂದಡಿಯಿಟ್ಟರೆ ಏನಾಗುತ್ತದೆಂಬುದನ್ನು 2021ರಲ್ಲಿ ತುರಹಳ್ಳಿ ಕಾಡಿನ ವೃಕ್ಷೋದ್ಯಾನ ಯೋಜನೆಯ ವಿರುದ್ಧ ಎದ್ದ ಪ್ರತಿಭಟನೆ ತೋರಿಸಿಕೊಟ್ಟಿದೆ. ಹೆಸರಘಟ್ಟದಲ್ಲಿ ‘ಪ್ರವೇಶ ನಿಷೇಧ’ ಎಂಬ ಎರಡು ಪದಗಳ ಫಲಕ ಬೈಕ್ ಸವಾರನಿಗೂ ಕುರಿ ಮೇಯಿಸುವವನಿಗೂ ಒಂದೇ ಅರ್ಥ ಕೊಡುತ್ತದೆ. ವಾಹನಕ್ಕೆ ನಿಷೇಧವೋ, ಮನುಷ್ಯರಿಗೋ, ರಾಸುಗಳಿಗೋ ಎಂಬುದನ್ನು ಆ ಸಮಿತಿ ಮೊದಲು ತೀರ್ಮಾನಿಸಬೇಕು. ಬಣ್ಣ, ಲಾಂಛನಗಳ ಮಾತು ಅನಂತರದ್ದು.