ಹತ್ತು ಮಿನಿಟಿನ ವಾಚು

ನನ್ನ ಕೈಯಲ್ಲಿರುವ ವಾಚಿನ ಡಯಲ್ ಮೇಲೆ 200 ಮೀಟರ್ ಅಂತ ಬರೆದಿದೆ. ಅಷ್ಟು ಆಳದ ನೀರಿನ ಒತ್ತಡ ತಡೆಯುತ್ತದೆ ಅಂತ ಅರ್ಥ. ನಾನಿರುವುದು ಚಿಂಚೋಳಿಯಲ್ಲಿ. ಇಲ್ಲಿಂದ ಸಮುದ್ರ ನೋಡಬೇಕಂದ್ರೆ ರಾತ್ರಿಯಿಡೀ ಪ್ರಯಾಣ ಮಾಡಬೇಕು. ಊರಿಗಿರೋದು ಮುಲ್ಲಾಮಾರಿ ನದಿ. ಬೇಸಿಗೆಯಲ್ಲಿ ಅದರೊಳಗೆ ಮೊಣಕಾಲು ಮುಳುಗಿದರೆ ಪುಣ್ಯ.

"ಇದನ್ನ ಕಟ್ಕೊಂಡು ಎಲ್ಲಿ ಮುಳುಗ್ತೀರಿ ಸರ್?" ಅಂತ ನಮ್ಮ ಬ್ಯಾಂಕಿಗೆ ಹೊಸದಾಗಿ ಬಂದ ಹುಡುಗ ಕೇಳಿದ. ಅವನ ಕೈಯಲ್ಲಿರೋದು ಸ್ಮಾರ್ಟ್‌ವಾಚು. ಹೆಜ್ಜೆ, ನಿದ್ದೆ, ಎದೆಬಡಿತ ಎಲ್ಲಾ ಎಣಿಸುತ್ತದೆ, ಸಂಜೆಯಾದರೆ ಚಾರ್ಜರ್ ಕೇಳುತ್ತದೆ. ಆವತ್ತು ನಕ್ಕು ಸುಮ್ಮನಾದೆ. ಕೌಂಟರ್ ಮುಂದೆ ಜನ ನಿಂತಿರುವಾಗ ಹೇಳುವ ಕಥೆಯಲ್ಲ ಅದು.

ವಾಚು ನಮ್ಮ ಕಾಕಾನದು. (ನಮ್ಮ ಕಡೆ ಕಾಕಾನಿಗೆ ಬಹುವಚನ ಹಚ್ಚಿದರೆ ಏನೋ ಸಾಲ ಕೇಳೋಕೆ ಬಂದಿದ್ದಾನೆ ಅಂದ್ಕೋತಾರೆ. ಹಾಗಾಗಿ ಏಕವಚನವೇ ಇರಲಿ.) ಸೈಕೊ ಎಸ್‌ಕೆಎಕ್ಸ್007 ಅನ್ನುವ ಮಾದರಿ. 1996ರಲ್ಲಿ ಬಂದದ್ದು, ಈಗ ತಯಾರಾಗುವುದಿಲ್ಲ. ಇದರೊಳಗೆ ಸೆಲ್ ಇಲ್ಲ. ಅರ್ಧಚಂದ್ರದಂಥ ಒಂದು ತೂಕ ಕೈ ಆಡಿಸಿದಂತೆಲ್ಲ ತಿರುಗಿ ಸ್ಪ್ರಿಂಗ್ ಸುತ್ತುತ್ತದೆ. ಬಿಚ್ಚಿಟ್ಟರೆ ಸುಮಾರು ನಲವತ್ತು ಗಂಟೆ ನಡೆದು ನಿಂತುಬಿಡುತ್ತದೆ. ಲಾಕ್‌ಡೌನ್‌ನಲ್ಲಿ ಕಟ್ಟಿಕೊಂಡಿದ್ದರೂ ಎರಡು ಸಲ ನಿಂತಿತ್ತು. ನಾನು ಎಷ್ಟು ಕಡಿಮೆ ಅಲುಗಾಡುತ್ತಿದ್ದೆ ಅಂತ ಯಾವ ಆ್ಯಪೂ ಇಷ್ಟು ಖಡಕ್ಕಾಗಿ ಹೇಳಿರಲಿಲ್ಲ.

ಅಪ್ಪನದು ಎಚ್‌ಎಂಟಿ. ದಿನಾ ಬೆಳಿಗ್ಗೆ ಚಹಾ ಕುಡಿಯುತ್ತಾ ಕೀಲಿ ಕೊಡುತ್ತಿದ್ದರು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಆ ಕಾರ್ಖಾನೆಯ ವಾಚು ಒಂದು ಕಾಲಕ್ಕೆ ಮದುವೆಯ ಉಡುಗೊರೆ, ನೌಕರಿ ಸಿಕ್ಕ ಗುರುತು ಎಲ್ಲಾ ಆಗಿತ್ತು. ಅಣ್ಣನ ಕೈಯಲ್ಲಿ ಎಚ್‌ಎಂಟಿ, ತಮ್ಮನ ಕೈಯಲ್ಲಿ ದುಬೈ ವಾಚು. ಮನೆಯಲ್ಲಿ ಅದೊಂದು ಸಣ್ಣ ಪೈಪೋಟಿಯೇ.

ಕಾಕಾ ಮೊದಲು ವಾಡಿ ಕಡೆ ಕ್ರೇನ್ ಮೇಲೆ ಕೆಲಸ ಕಲಿತು, ಆಮೇಲೆ ದುಬೈಗೆ ಹೋದವನು. ಅಲ್ಲಿ 1998ರಲ್ಲಿ ಈ ವಾಚು ತಗೊಂಡ. ವಾರದ ಹೆಸರು ಇಂಗ್ಲಿಷಿನಲ್ಲೂ ಬರುತ್ತದೆ, ಅರಬ್ಬಿಯಲ್ಲೂ ಬರುತ್ತದೆ. ಅವನಿಗೂ ಈಜು ಬರುತ್ತಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಗಾಜಿನ ಸುತ್ತ ಇರುವ ಉಂಗುರ, ಅಂದರೆ ಬೆಜೆಲ್.

ಅದರ ಲೆಕ್ಕ ಸರಳ. ಉಂಗುರದ ಮೇಲೊಂದು ತ್ರಿಕೋನ ಇದೆ. ನೀರಿಗೆ ಇಳಿಯುವಾಗ ಅದನ್ನು ನಿಮಿಷದ ಮುಳ್ಳಿನ ಎದುರಿಗೆ ತಂದರೆ, ಎಷ್ಟು ನಿಮಿಷ ಆಯಿತು ಅಂತ ಆಮೇಲೆ ನೇರವಾಗಿ ಓದಬಹುದು. ಉಂಗುರ ಒಂದೇ ದಿಕ್ಕಿಗೆ ತಿರುಗುತ್ತದೆ. ಏನಾದರೂ ತಾಗಿ ಸರಿದರೂ ಕಳೆದ ಸಮಯ ಹೆಚ್ಚಾಗಿ ಕಾಣುತ್ತದೆಯೇ ಹೊರತು ಕಡಿಮೆಯಾಗಿ ಕಾಣುವುದಿಲ್ಲ. ಮುಳುಗಿದವನು ಬೇಗ ಮೇಲೆ ಬರುತ್ತಾನೆ, ಗಾಳಿ ಮುಗಿಸಿಕೊಂಡು ಸಾಯುವುದಿಲ್ಲ.

ಕಾಕಾ ಇದರಿಂದ ಅಳೆಯುತ್ತಿದ್ದದ್ದು ಫೋನ್ ಕಾಲ್. ಆಗ ನಮ್ಮ ಮನೆಯಲ್ಲಿ ಫೋನ್ ಇರಲಿಲ್ಲ. ಓಣಿಯ ಕೊನೆಯ ಕಿರಾಣಿ ಅಂಗಡಿಯದೇ ನಮ್ಮ ಪಿ.ಪಿ. ನಂಬರ್. ತಿಂಗಳ ಮೊದಲ ಶುಕ್ರವಾರ ನಮ್ಮ ಗಡಿಯಾರದಲ್ಲಿ ಸಂಜೆ ಏಳು, ಅವನದರಲ್ಲಿ ಐದೂವರೆ. ಫೋನ್ ಬರುತ್ತಿತ್ತು. "ಅವ್ವಗ ಕರೀರಿ, ಹತ್ತು ಮಿನಿಟಿಗಿ ಮತ್ತ ಮಾಡ್ತೀನಿ" ಅಂತ ಹೇಳಿ ಇಟ್ಟುಬಿಡುತ್ತಿದ್ದ. ಆಯಿ ಬರುವವರೆಗೆ ಲೈನ್ ಹಿಡಿದರೆ ದುಡ್ಡು ಯಾರು ಕೊಡಬೇಕು? ಉಂಗುರ ತಿರುಗಿಸಿ ಕಾಯುತ್ತಿದ್ದ. ಎರಡನೇ ಸಲ ಫೋನ್ ಹಚ್ಚಿದಾಗ ಮತ್ತೆ ತಿರುಗಿಸುತ್ತಿದ್ದ, ಈಗ ಮಾತಿನ ಲೆಕ್ಕಕ್ಕೆ.

ಆ ಹತ್ತು ನಿಮಿಷದಲ್ಲಿ ಓಡಿಹೋಗಿ ಆಯಿಯನ್ನು ಕರೆತರುವ ಕೆಲಸ ನನ್ನದು. 2001ರ ಒಂದು ಶುಕ್ರವಾರ, ನನಗೆ ಹನ್ನೆರಡು. ದಾರಿಯಲ್ಲಿ ಗೋಲಿ ಆಟ ನಡೆದಿತ್ತು. ಒಂದೇ ಒಂದು ಆಟ ನೋಡಿ ಹೋಗೋಣ ಅಂತ ನಿಂತೆ. ಆಯಿಯನ್ನು ಕರಕೊಂಡು ಬರುವಷ್ಟರಲ್ಲಿ ಅಂಗಡಿಯವರು, "ಈಗಷ್ಟೇ ಇಟ್ಟ ನೋಡವ್ವ" ಅಂದರು. ಆಯಿ ಅಲ್ಲೇ ಅಕ್ಕಿ ಚೀಲದ ಮೇಲೆ ಕೂತಳು. ಮತ್ತೆ ಮಾಡಿಯಾನು ಅಂತ ಅಂಗಡಿ ಬಾಗಿಲು ಹಾಕುವವರೆಗೂ ಕೂತಿದ್ದಳು. ನಾನು ತಡ ಮಾಡಿದೆ ಅಂತ ಹೇಳಲಿಲ್ಲ. "ಆಯಿಗಿ ಜಲ್ದಿ ನಡಿಲಿಕ್ಕ ಆಗಲ್ಲ" ಅಂತ ಅಂಗಡಿಯವರೇ ಅಂದುಕೊಂಡರು, ನಾನೂ ತಲೆ ಆಡಿಸಿದೆ.

ಆವತ್ತು ಕಾಕಾ ಹೇಳಬೇಕಿದ್ದದ್ದು, ರಜೆ ರದ್ದಾಗಿದೆ, ಪಂಚಮಿಗೆ ಬರೋಕಾಗಲ್ಲ ಅಂತ. ಆಮೇಲೆ ಅವನು ಹಾಕಿದ ಪತ್ರ ಬಂದದ್ದು ಹಬ್ಬ ಮುಗಿದು ವಾರಕ್ಕೆ. ಅಷ್ಟರಲ್ಲಿ ಆಯಿ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿ ಡಬ್ಬಿ ತುಂಬಿಸಿಟ್ಟು, ಎರಡು ದಿನ ಬಸ್‌ಸ್ಟ್ಯಾಂಡಿಗೆ ಹೋಗಿ ಕಲಬುರಗಿ ಬಸ್ಸುಗಳನ್ನು ನೋಡಿ ಬಂದಿದ್ದಳು.

2008ರಲ್ಲಿ ಕಾಕಾ ರಜೆಗೆ ಬಂದಾಗ ನಾನು ಡಿಗ್ರಿಗೆ ಸೇರಿದ್ದೆ. ಕೈಯಿಂದ ಬಿಚ್ಚಿ ನನ್ನ ಕೈಗೆ ಕಟ್ಟಿದ. ಉಂಗುರ ತಿರುಗಿಸೋದು ತೋರಿಸಿಕೊಟ್ಟು, "ಹತ್ತು ಮಿನಿಟ್ ಅಂದ್ರ ಎಷ್ಟಿರ್ತದ ಅಂತ ನಿನಗೂ ಗೊತ್ತಾಗ್ಲಿ" ಅಂದ. ನಗುತ್ತಲೇ ಅಂದ. ಅವನಿಗೆ ಗೊತ್ತಿತ್ತೋ, ಸುಮ್ಮನೆ ಬಂದ ಮಾತೋ, ಆವತ್ತು ಕೇಳುವ ಧೈರ್ಯ ಆಗಲಿಲ್ಲ.

ಅವತ್ತಿನಿಂದ ಇದು ನನ್ನ ಕೈಯಲ್ಲೇ ಇದೆ. ಶಹಾಬಾದ್ ಕಲ್ಲಿನ ಪುಡಿ, ತೊಗರಿ ರಾಶಿಯ ಧೂಳು ಎಲ್ಲಾ ಉಂಡಿದೆ. ಧೂಳು ಸೇರಿ ಉಂಗುರ ಬಿಗಿಯಾದರೆ ಉಗುರುಬೆಚ್ಚಗಿನ ಸೋಪಿನ ನೀರು, ಹಳೇ ಟೂತ್‌ಬ್ರಷ್ ಸಾಕು. ಅದನ್ನ ಮಾಡುತ್ತಿದ್ದೆ. ಮಾಡಬೇಕಿದ್ದ ಇನ್ನೊಂದು ಕೆಲಸ ಮಾಡಲಿಲ್ಲ.

ಎರಡು ವರ್ಷದ ಹಿಂದಿನ ಮಾತು, ಜುಲೈ ಶುರುವಿನ ಒಂದು ಭಾನುವಾರ. ಜೂನ್‌ಗೆ ಮೂವತ್ತೇ ದಿನ ಅಂತ ಈ ವಾಚಿಗೆ ಗೊತ್ತಾಗುವುದಿಲ್ಲ, ತಾರೀಖು ನಾವೇ ಮುಂದೆ ತಳ್ಳಬೇಕು. ಬೆಳಿಗ್ಗೆ ಗುಂಡಿ ಎಳೆದು ತಾರೀಖು ಸರಿ ಮಾಡಿದೆ. ಗುಂಡಿಯನ್ನು ತಿರುಪಿ ಬಿಗಿ ಮಾಡಬೇಕು, ಮರೆತೆ. ಮಧ್ಯಾಹ್ನ ಮನೆಯವರೆಲ್ಲ ಚಂದ್ರಂಪಳ್ಳಿ ಡ್ಯಾಂಗೆ ಹೋದೆವು. ಊಟ ಮಾಡಿದ ಡಬ್ಬಿ ತೊಳೆಯೋಕೆ ದಂಡೆಯಲ್ಲಿ ಕೂತು ನೀರಿಗೆ ಕೈ ಇಟ್ಟೆ. 200 ಮೀಟರ್ ವಾಚು ಒಂದು ಗೇಣು ನೀರಿನಲ್ಲಿ ಸೋತಿತು. ಸಂಜೆಗೆ ಗಾಜಿನೊಳಗೆ ಮಂಜು.

ಕಲಬುರಗಿಯಲ್ಲಿ ರಿಪೇರಿಯವರು ಹಿಂದಿನ ಮುಚ್ಚಳ ತೆಗೆದು, "ವಾಷರ್ ಎಲ್ಲಾ ಕಲ್ಲಾಗ್ಯಾವ್ರಿ. ಯಾವಾಗ ಬದಲಿ ಮಾಡ್ಸಿದ್ರಿ?" ಅಂದರು. ಒಮ್ಮೆಯೂ ಇಲ್ಲ. ಇಂಥ ವಾಚಿನ ನೀರು ತಡೆಯುವ ಶಕ್ತಿಯೆಲ್ಲ ಆ ರಬ್ಬರ್ ಉಂಗುರಗಳಲ್ಲಿದೆ. ನಮ್ಮ ಬಿಸಿಲಿಗೆ, ಬೆವರಿಗೆ ಅವು ಗಟ್ಟಿಯಾಗುತ್ತವೆ. ಕೆಲವು ವರ್ಷಕ್ಕೊಮ್ಮೆ ಬದಲಿಸಿ, ಒತ್ತಡದ ಪರೀಕ್ಷೆ ಮಾಡಿಸದಿದ್ದರೆ ಡಯಲ್ ಮೇಲಿನ ಅಂಕಿ ಬರೀ ಅಲಂಕಾರ. ನಿಮ್ಮ ಕೈಯಲ್ಲೂ ಇಂಥದ್ದಿದ್ದರೆ ಇಷ್ಟು ನೆನಪಿಟ್ಟುಕೊಳ್ಳಿ, ಮತ್ತೆ ಗುಂಡಿ ತಿರುಪೋದು.

ಒಳಗಿನ ಯಂತ್ರಕ್ಕೆ ತುಕ್ಕು ಹಿಡಿದಿತ್ತು. ಹಳೆಯದನ್ನು ಬಿಚ್ಚಿ ಸರಿಮಾಡುವ ಖರ್ಚಿಗಿಂತ ಅದೇ ಬಳಗದ ಹೊಸ ಎನ್‌ಎಚ್36 ಯಂತ್ರ ಹಾಕುವುದೇ ಅಗ್ಗ ಅಂದರು. ಮನಸ್ಸಿಗೆ ಕಿರಿಕಿರಿ. ಒಳಗಿನದೆಲ್ಲ ಬದಲಾದರೆ ಕಾಕಾನದು ಅಂತ ಉಳಿಯೋದೇನು? ಅವನಿಗೇ ಫೋನ್ ಮಾಡಿದೆ. ಈಗ ಅವನು ಊರಲ್ಲೇ ಇದ್ದಾನೆ. "ಹಾಕಿಸ್ಕೋ ಮಾರಾಯ, ಟೈಮ್ ಬೇಕೋ ತುಕ್ಕು ಬೇಕೋ?" ಅಂದ. ವಾರದ ತಟ್ಟೆ ಮಾತ್ರ ಹಳೆಯದನ್ನೇ ಕೂರಿಸಿ ಅಂದೆ. ಸವೆದ ಉಂಗುರದ ಪಟ್ಟಿಗೂ ಹೊಸದು ಹಾಕ್ತೀನಿ ಅಂದರು. ಬೇಡ ಅಂದೆ.

ವಾಪಸ್ ತಂದ ದಿನ ಕಾಕಾನ ಕೈಗೆ ಕೊಟ್ಟೆ. ಕಟಕಟ ಅಂತ ಉಂಗುರ ಒಂದು ಸುತ್ತು ತಿರುಗಿಸಿದ. ಆಗ ಹೇಳಿಬಿಟ್ಟೆ, ಗೋಲಿ ಆಟದ ವಿಷಯ. ಇಪ್ಪತ್ತು ವರ್ಷ ದಾಟಿತ್ತು.

"ಗೊತ್ತದ. ಅಂಗಡಿಯಂವ ಮುಂದಿನ ತಿಂಗಳೇ ಹೇಳಿದ್ದ" ಅಂದ. "ಅವ್ವಗ ಹೇಳಿದ್ಯಾ?"

ಇಲ್ಲ ಅಂದೆ. ಆಯಿ ಹೋಗಿ ಒಂಬತ್ತು ವರ್ಷ ಆಗಿತ್ತು.

ಅವನು ತ್ರಿಕೋನವನ್ನು ಮತ್ತೆ ಹನ್ನೆರಡಕ್ಕೆ ತಂದು ನಿಲ್ಲಿಸಿ, ವಾಚು ನನ್ನ ಕೈಗೆ ಕೊಟ್ಟು, ಚಹಾಕ್ಕೆ ಕೂಗಿದ. ಹೊಸ ಯಂತ್ರ ದಿನಕ್ಕೆ ಹತ್ತು ಸೆಕೆಂಡ್ ಮುಂದೆ ಓಡುತ್ತದೆ. ಭಾನುವಾರ ಬೆಳಿಗ್ಗೆ ಫೋನ್ ನೋಡಿ ಸರಿ ಮಾಡುತ್ತೇನೆ. ಗುಂಡಿ ತಿರುಪಿದ್ದೇನಾ ಅಂತ ಎರಡು ಸಲ ನೋಡುತ್ತೇನೆ.